ಎರಡು ಪೈಥಾನ್‌ಗಳ ಕಾಲ

2008ರ ಡಿಸೆಂಬರ್ 3ರಂದು ಬಿಡುಗಡೆಯಾದ ಪೈಥಾನ್ 3.0, ಹಳೆಯ ಪ್ರೋಗ್ರಾಮುಗಳು ಓಡದಿದ್ದರೂ ಚಿಂತೆಯಿಲ್ಲ ಎಂದು ಬೇಕೆಂದೇ ತೀರ್ಮಾನಿಸಿ ಹೊರತಂದ ಮೊದಲ ಪೈಥಾನ್. ಪರದೆಯ ಮೇಲೆ ಒಂದು ಸಾಲು ಮೂಡಿಸುವ ‘ಪ್ರಿಂಟ್’ ಕೂಡ ಅದರಲ್ಲಿ ಹಿಂದಿನಂತೆ ನಡೆಯುತ್ತಿರಲಿಲ್ಲ. ಮೂಡಿಸಬೇಕಾದ ಪಠ್ಯವನ್ನು ಕಂಸದೊಳಗೆ ಇಡದಿದ್ದರೆ ಪ್ರೋಗ್ರಾಮು ಆರಂಭವೇ ಆಗದೆ ದೋಷ ತೋರಿಸಿ ನಿಲ್ಲುತ್ತಿತ್ತು. ಹಳೆಯ ಪೈಥಾನಿನ ಕೊನೆಯ ಆವೃತ್ತಿ 2.7.18 ಹೊರಬಂದದ್ದು 2020ರ ಏಪ್ರಿಲ್ 20ರಂದು. ನಡುವಿನ ಹನ್ನೊಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಒಂದೇ ಹೆಸರಿನ ಎರಡು ಭಾಷೆಗಳು ಜೊತೆಜೊತೆಗೇ ಬಾಳಿದವು. ಹಳೆಯ ವಿಧಾನವನ್ನು ಕೈಬಿಡಬೇಕೋ ಉಳಿಸಿಕೊಳ್ಳಬೇಕೋ ಎಂಬ ಜಗಳ ಕಂಪ್ಯೂಟರ್ ಲೋಕಕ್ಕೆ ಹೊಸದಲ್ಲ. ಆದರೆ ಅದನ್ನು ಇಷ್ಟು ದೊಡ್ಡದಾಗಿ, ಇಷ್ಟು ದೀರ್ಘವಾಗಿ ಒರೆಗೆ ಹಚ್ಚಿದ ಪ್ರಸಂಗಗಳು ಕಡಿಮೆ.

ಈ ಜಗಳದಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ನಿನ್ನೆ ಬರೆದ ಪ್ರೋಗ್ರಾಮು ಇಂದಿನ ಹೊಸ ಆವೃತ್ತಿಯಲ್ಲೂ ಬದಲಾವಣೆಯಿಲ್ಲದೆ ಓಡಬೇಕು ಎಂಬುದು ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ, ಅಂದರೆ ಹಿಂದಿನದರೊಡನೆ ಹೊಂದಾಣಿಕೆ. ಒಂದು ವಿಧಾನ ಇನ್ನೂ ಕೆಲಸ ಮಾಡುತ್ತಿರುವಾಗಲೇ ‘ಇದು ಮುಂದೆ ಇರುವುದಿಲ್ಲ, ಬೇರೆಯದನ್ನು ಬಳಸಿ’ ಎಂದು ಸಾರುವುದು ಡೆಪ್ರಿಕೇಶನ್. ತೆಗೆದುಹಾಕುವುದು ಆಮೇಲಿನ ಮಾತು. ಡೆಪ್ರಿಕೇಶನ್ ಅದಕ್ಕೆ ಮುಂಚೆ ಕೊಡುವ ನೋಟಿಸು. ನೋಟಿಸು ಕೊಡುವವರ ಲೆಕ್ಕ ಒಂದಾದರೆ ಪಡೆಯುವವರ ಲೆಕ್ಕ ಇನ್ನೊಂದು. ಹಳೆಯ ತಪ್ಪನ್ನು ಉಳಿಸಿಕೊಂಡರೆ ಭಾಷೆ ಕಟ್ಟುವವರು ಪ್ರತಿ ಹೊಸ ಸೌಲಭ್ಯವನ್ನೂ ಆ ತಪ್ಪಿನ ಸುತ್ತಲೇ ಹೆಣೆಯಬೇಕು. ತೆಗೆದರೆ, ಸರಿಯಾಗಿ ಓಡುತ್ತಿರುವ ಕೋಡನ್ನು ಬಳಕೆದಾರರು ಮತ್ತೆ ಬಿಚ್ಚಬೇಕು. ಹಾಗೆ ಬಿಚ್ಚುವುದಕ್ಕೆ ಹಣವೂ ಸಮಯವೂ ಬೇಕು, ಹೊಸ ತಪ್ಪುಗಳು ನುಸುಳುವ ಭಯವೂ ಉಂಟು.

ತಪ್ಪುಗಳು ಬೇರೂರಿದ ಬಗೆ

ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಡಬ್ಲ್ಯುಐಯಲ್ಲಿ ಕೆಲಸ ಮಾಡುತ್ತಿದ್ದ ಗೈಡೊ ವ್ಯಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಪೈಥಾನ್ ಬರೆಯಲು ತೊಡಗಿದರು. ಅದಕ್ಕೂ ಮೊದಲು ಅವರು ಅದೇ ಸಂಸ್ಥೆಯ ಎಬಿಸಿ ಎಂಬ ಬೋಧನಾ ಭಾಷೆಯ ತಂಡದಲ್ಲಿದ್ದರು. ಪೈಥಾನಿನ ಮೊದಲ ಸಾರ್ವಜನಿಕ ಆವೃತ್ತಿ 0.9.0 ಹೊರಬಂದದ್ದು 1991ರ ಫೆಬ್ರುವರಿಯಲ್ಲಿ, 1.0 ಬಂದದ್ದು 1994ರ ಜನವರಿಯಲ್ಲಿ. ಆಗ ಅದು ಸಣ್ಣ ಬಳಗವೊಂದರ ಭಾಷೆ. ಸಣ್ಣ ಬಳಗಕ್ಕೆಂದು ಕೈಗೊಂಡ ಅನೇಕ ತೀರ್ಮಾನಗಳು ಭಾಷೆ ಜಗತ್ತಿನಾದ್ಯಂತ ಹರಡಿದ ಮೇಲೂ ಹಾಗೆಯೇ ಉಳಿದವು.

ಅಂಥ ತೀರ್ಮಾನಗಳಲ್ಲಿ ಭಾಗಾಕಾರ ಒಂದು. ಸಿ ಭಾಷೆಯ ರೂಢಿಯಂತೆ ಪೈಥಾನ್ ಕೂಡ ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ಪೂರ್ಣಾಂಕವನ್ನೇ ಕೊಡುತ್ತಿತ್ತು. 7/2 ಎಂದು ಕೇಳಿದರೆ ಉತ್ತರ 3. ಎರಡರಲ್ಲಿ ಒಂದು ಸಂಖ್ಯೆಯನ್ನು 7.0 ಎಂದು ಬರೆದರೆ ಮಾತ್ರ 3.5. ಸರಾಸರಿ ತೆಗೆಯುವ ಸೂತ್ರವೊಂದಕ್ಕೆ ದಶಾಂಶ ಸಂಖ್ಯೆ ಬಂದಾಗ ಸರಿಯಾದ ಉತ್ತರವೂ ಪೂರ್ಣಾಂಕ ಬಂದಾಗ ತಪ್ಪು ಉತ್ತರವೂ ಸಿಗುತ್ತಿತ್ತು. ದೋಷಸಂದೇಶವಂತೂ ಬರುತ್ತಲೇ ಇರಲಿಲ್ಲ. 2001ರಲ್ಲಿ ಮೋಶೆ ಜಾಡ್ಕಾ ಮತ್ತು ವ್ಯಾನ್ ರಾಸಮ್ ಇದನ್ನು ಸರಿಪಡಿಸುವ ಪ್ರಸ್ತಾವ ಮುಂದಿಟ್ಟರು. ಪೈಥಾನಿನ ದೊಡ್ಡ ಬದಲಾವಣೆಗಳೆಲ್ಲ ಹೀಗೆ ಸಂಖ್ಯೆ ಹೊತ್ತ ಪ್ರಸ್ತಾವಗಳಾಗಿಯೇ ಚರ್ಚೆಗೆ ಬರುತ್ತವೆ. ಅವನ್ನು ‘ಪೆಪ್’ ಎಂದು ಕರೆಯುತ್ತಾರೆ. ಭಾಗಾಕಾರದ್ದು ಪೆಪ್ 238.

ಈ ಬದಲಾವಣೆಯನ್ನು ತಂದ ರೀತಿ ಗಮನಾರ್ಹ. ಪೂರ್ಣಾಂಕದ ಉತ್ತರವೇ ಬೇಕೆನ್ನುವವರಿಗೆ ಎರಡು ಗೆರೆಗಳ // ಎಂಬ ಹೊಸ ಚಿಹ್ನೆ 2001ರ ಡಿಸೆಂಬರಿನ ಪೈಥಾನ್ 2.2ರಲ್ಲಿ ಬಂತು. ಒಂದು ಗೆರೆಯ ಚಿಹ್ನೆಗೆ ಹೊಸ ಅರ್ಥ ಬೇಕಾದವರು ಕಡತದ ತಲೆಯಲ್ಲಿ ‘ಫ್ಯೂಚರ್’ ಎಂಬ ವಿಶೇಷ ಮಾಡ್ಯೂಲಿನಿಂದ ಅದನ್ನು ತರಿಸಿಕೊಳ್ಳಬಹುದಿತ್ತು. ಉಳಿದವರ ಕೋಡು ಹಳೆಯ ಅರ್ಥದಲ್ಲೇ ಓಡುತ್ತಿತ್ತು. ಹೊಸದನ್ನು ಒಂದೊಂದೇ ಕಡತದಲ್ಲಿ, ತಮ್ಮ ವೇಗದಲ್ಲಿ ಒಪ್ಪಿಕೊಳ್ಳಲು ಇದರಿಂದ ಸಾಧ್ಯವಾಯಿತು. ಹಳೆಯದೂ ಹೊಸದೂ ಒಂದೇ ಸೂರಿನಡಿ ಬಾಳುವ ಈ ಏರ್ಪಾಡು ಮುಂದಿನ ಕಥೆಯಲ್ಲಿ ಮತ್ತೆ ಬರುತ್ತದೆ.

ಹದಿನೈದು, ಐದು, ಮೂರು

ಭಾಗಾಕಾರಕ್ಕಿಂತ ಆಳವಾಗಿ ಬೇರುಬಿಟ್ಟಿದ್ದು ಪಠ್ಯದ ಸಮಸ್ಯೆ. ಕಡತದಲ್ಲಿ ಕೂತಿರುವುದು, ನೆಟ್‌ವರ್ಕಿನಲ್ಲಿ ಹರಿಯುವುದು ಎಲ್ಲವೂ ಬೈಟ್‌ಗಳು, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವಿದ್ದರೆ ಮಾತ್ರ ಅವು ಪಠ್ಯವಾಗುತ್ತವೆ. ಆಸ್ಕಿ ಎಂಬ ಅಮೆರಿಕನ್ ಒಪ್ಪಂದದಲ್ಲಿ 128 ಸಂಕೇತಗಳಿದ್ದವು. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಪೈಥಾನ್ ಹುಟ್ಟಿದಾಗ ಅದರ ‘ಸ್ಟ್ರಿಂಗ್’ ಬೈಟ್‌ಗಳ ಸಾಲೂ ಹೌದು, ಪಠ್ಯವೂ ಹೌದು. ಚಿತ್ರವೊಂದರ ದತ್ತಾಂಶವನ್ನೂ ವ್ಯಕ್ತಿಯೊಬ್ಬರ ಹೆಸರನ್ನೂ ಭಾಷೆ ಒಂದೇ ಜಾತಿಯ ವಸ್ತುವೆಂದು ಕಾಣುತ್ತಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡುವ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದೂ 1991ರಲ್ಲೇ. ಕನ್ನಡ ಲಿಪಿಗೆ ಅದರಲ್ಲಿ ಆರಂಭದಿಂದಲೇ ಸ್ಥಾನವಿತ್ತು. 2000ದ ಅಕ್ಟೋಬರ್ 16ರಂದು ಬಂದ ಪೈಥಾನ್ 2.0, ಹಳೆಯ ಸ್ಟ್ರಿಂಗನ್ನು ಮುಟ್ಟದೆ ಅದರ ಪಕ್ಕದಲ್ಲಿ ಯೂನಿಕೋಡ್ ಪಠ್ಯಕ್ಕೆಂದೇ ಎರಡನೆಯ ಜಾತಿಯೊಂದನ್ನು ತಂದು ಕೂರಿಸಿತು. ಎರಡೂ ಬೆರೆತಾಗ ಹಳೆಯ ಸ್ಟ್ರಿಂಗಿನಲ್ಲಿರುವುದು ಆಸ್ಕಿ ಎಂದು ಊಹಿಸಿ ತಾನೇ ಪರಿವರ್ತಿಸಿಕೊಳ್ಳುವುದು ಅದರ ನಿಯಮ. ಇಂಗ್ಲಿಷ್ ಹೆಸರುಗಳಿರುವತನಕ ಊಹೆ ನಿಜವಾಗುತ್ತಿತ್ತು. ಆಸ್ಕಿಯ ಆಚೆಗಿನ ಒಂದು ಅಕ್ಷರ ಬಂದರೂ ಪ್ರೋಗ್ರಾಮು ಅರ್ಧದಲ್ಲಿ ಬೀಳುತ್ತಿತ್ತು. ಬರೆದವರ ಮೇಜಿನ ಮೇಲೆ ತಿಂಗಳುಗಟ್ಟಲೆ ಸರಿಯಾಗಿ ಓಡಿದ ಕೋಡು ಕನ್ನಡದಲ್ಲೋ ಫ್ರೆಂಚಿನಲ್ಲೋ ಹೆಸರು ಬರೆದ ಮೊದಲ ಗ್ರಾಹಕನ ಮುಂದೆ ಕೈಕೊಡುವುದು ಆ ಕಾಲದ ಪೈಥಾನ್ ಡೆವಲಪರುಗಳಿಗೆ ಪರಿಚಿತ ಸಂಗತಿ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ ತೊಡಕು ಸ್ಪಷ್ಟವಾಗುತ್ತದೆ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಬರೆದ ಆ ಪದದ ಉದ್ದವೆಷ್ಟು ಎಂದು ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗನ್ನು ಕೇಳಿದರೆ 15 ಎನ್ನುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ಪೈಥಾನ್ 3 ಅದೇ ಪ್ರಶ್ನೆಗೆ 5 ಎನ್ನುತ್ತದೆ: ಕ, ನ, ಹಲಂತ ಚಿಹ್ನೆ (್), ಇನ್ನೊಂದು ನ, ಡ. ಓದುವ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಐದನ್ನು ಮೂರಾಗಿಸುವ ಕೆಲಸ ಪೈಥಾನ್ 3ಕ್ಕೂ ಉಳಿದೇ ಇತ್ತು. ಆದರೆ ಹದಿನೈದು ಬೈಟ್‌ಗಳ ಸಾಲನ್ನು ನಾಲ್ಕರ ಬಳಿ ಕತ್ತರಿಸಿ ‘ನ’ ಅಕ್ಷರವನ್ನು ಛಿದ್ರಗೊಳಿಸುವ ಅಪಾಯ ತಪ್ಪಿತು. ಬರಹ, ನುಡಿಯಂಥ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು, ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡವರಿಗೆ ಬೈಟಿಗೂ ಪಠ್ಯಕ್ಕೂ ಇರುವ ಅಂತರವನ್ನು ಹೇಳಿಕೊಡಬೇಕಾಗಿಲ್ಲ.

ಪೈಥಾನ್ 3000

ಎಲ್ಲ ಹಳೆಯ ತಪ್ಪುಗಳನ್ನೂ ಒಮ್ಮೆಗೇ ತಿದ್ದುವ ಭವಿಷ್ಯದ ಆವೃತ್ತಿಗೆ ಬಳಗದವರು ತಮಾಷೆಗೆ ‘ಪೈಥಾನ್ 3000’ ಎಂದು ಹೆಸರಿಟ್ಟಿದ್ದರು. 2002ರಲ್ಲಿ ವ್ಯಾನ್ ರಾಸಮ್ ತಮ್ಮ ಭಾಷೆಯ ಬಗ್ಗೆ ತಮಗೇ ಇರುವ ವಿಷಾದಗಳನ್ನು ಪಟ್ಟಿ ಮಾಡಿ ಭಾಷಣವನ್ನೇ ಮಾಡಿದರು. 2006ರ ಏಪ್ರಿಲಿನಲ್ಲಿ ಪೆಪ್ 3000 ರೂಪುಗೊಂಡಾಗ ತಮಾಷೆ ಯೋಜನೆಯಾಯಿತು. ಕನಸು ಕೈಮೀರಿ ಬೆಳೆಯದಿರಲೆಂದು, ಏನೇನು ಬದಲಾಗುವುದಿಲ್ಲ ಎಂಬುದಕ್ಕೂ ಪೆಪ್ 3099 ಎಂಬ ಪಟ್ಟಿ ಬಂತು. ಭಾಷೆಯನ್ನು ಹೊಸದಾಗಿ ಕಟ್ಟುವುದಲ್ಲ, ಇರುವುದನ್ನು ಗುಡಿಸಿ ಒಪ್ಪಮಾಡುವುದಷ್ಟೇ ಉದ್ದೇಶವಾಗಿತ್ತು.

ಬದಲಾವಣೆಗಳಲ್ಲಿ ಮೂರು ದರ್ಜೆಗಳಿದ್ದವು. ಪ್ರಿಂಟಿಗೆ ಕಂಸ ಹಾಕುವಂಥವು ಮೊದಲ ದರ್ಜೆ: ತಪ್ಪಿದರೆ ಆ ಕ್ಷಣವೇ ಗೊತ್ತಾಗುತ್ತದೆ, ಯಂತ್ರವೇ ತಿದ್ದಬಹುದು. ಭಾಗಾಕಾರದಂಥವು ಎರಡನೆಯ ದರ್ಜೆ: ಪ್ರೋಗ್ರಾಮು ನಿಲ್ಲುವುದಿಲ್ಲ, ಉತ್ತರ ಮಾತ್ರ ಸದ್ದಿಲ್ಲದೆ ಬದಲಾಗುತ್ತದೆ. ಪಠ್ಯದ್ದು ಮೂರನೆಯ ದರ್ಜೆ. ಪೈಥಾನ್ 3ರಲ್ಲಿ ಸ್ಟ್ರಿಂಗ್ ಎಂದರೆ ಯೂನಿಕೋಡ್ ಪಠ್ಯ ಮಾತ್ರ. ಬೈಟ್‌ಗಳದ್ದು ಬೇರೆಯೇ ಜಾತಿ. ಎರಡನ್ನೂ ಬೆರೆಸಿದರೆ ಊಹೆಯಿಲ್ಲ, ನೇರವಾಗಿ ದೋಷ. ಹಳೆಯ ಕೋಡಿನ ಒಂದು ಸ್ಟ್ರಿಂಗ್ ಪಠ್ಯವೋ ಬೈಟ್‌ಗಳೋ ಎಂಬುದು ಕೋಡಿನಲ್ಲಿ ಬರೆದಿರುವುದಿಲ್ಲ, ಬರೆದವರ ಮನಸ್ಸಿನಲ್ಲಿರುತ್ತದೆ. ಆದ್ದರಿಂದ ಅದನ್ನು ಯಾವ ಯಂತ್ರವೂ ನಿರ್ಧರಿಸಲಾರದು. ಇದೇ ಸುಧಾರಣೆಯ ಬೆನ್ನಿಗೆ, ಚರಾಂಶಗಳಿಗೆ ಇಂಗ್ಲಿಷೇತರ ಲಿಪಿಗಳಲ್ಲಿ ಹೆಸರಿಡುವ ಅವಕಾಶವೂ ಪೆಪ್ 3131ರ ಮೂಲಕ ಬಂತು. ‘ಹೆಸರು’, ‘ಮೊತ್ತ’ ಎಂದು ಕನ್ನಡದಲ್ಲೇ ಬರೆದ ಚರಾಂಶಗಳನ್ನು ಪೈಥಾನ್ 3 ಸ್ವೀಕರಿಸುತ್ತದೆ.

ವಲಸೆಯ ದಾರಿಯನ್ನೂ ಯೋಜಕರು ಗುರುತಿಸಿದ್ದರು. 2008ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 2.6, ಕೇಳಿಕೊಂಡರೆ, ಮುಂದೆ ಮುರಿಯಲಿರುವ ಕಡೆಗಳಲ್ಲಿ ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆಗಳನ್ನೆಲ್ಲ ನಿವಾರಿಸಿದ ಕೋಡನ್ನು ‘2 ಟು 3’ ಎಂಬ ಪರಿವರ್ತಕಕ್ಕೆ ಕೊಟ್ಟರೆ ಪೈಥಾನ್ 3ರ ಕೋಡು ಸಿಗುತ್ತದೆ. ಹಳೆಯದಕ್ಕೆ ಬೆಂಬಲ ನಿಲ್ಲಿಸುವವರೆಗೂ ಹಳೆಯ ಕೋಡನ್ನೇ ತಿದ್ದುತ್ತ, ಪ್ರತಿ ಸಲವೂ ಅದರಿಂದ ಹೊಸದನ್ನು ತೆಗೆಯುತ್ತಿರಬೇಕು. ಒಂದೇ ಕೋಡು ಎರಡರಲ್ಲೂ ಓಡುವಂತೆ ಬರೆಯಲು ಹೋಗಬೇಡಿ, ಅದು ತೀರಾ ಸೊಟ್ಟಸೊಟ್ಟಾಗುತ್ತದೆ ಎಂಬುದು 3.0ರ ಅಧಿಕೃತ ಸಲಹೆ. ಹೊಳೆಗೆ ಸೇತುವೆ ಬೇಡ, ಒಂದೇ ಜಿಗಿತ ಸಾಕು ಎಂಬ ಎಣಿಕೆ ಈ ಸಲಹೆಯ ಹಿಂದಿತ್ತು.

ಯಾರೂ ಕದಲದ ವರ್ಷಗಳು

ಜಿಗಿಯಲು ಯಾರೂ ಮುಂದೆ ಬರಲಿಲ್ಲ. ಅದಕ್ಕೆ ಹಟವೊಂದೇ ಕಾರಣವಲ್ಲ. ಒಂದು ವೆಬ್ ತಾಣದ ಕೋಡು ಜಾಂಗೋ ಎಂಬ ಚೌಕಟ್ಟಿನ ಮೇಲೆ ನಿಂತಿರುತ್ತದೆ. ಜಾಂಗೋ ಡೇಟಾಬೇಸಿನ ಲೈಬ್ರರಿಯ ಮೇಲೆ. ಅದು ಇನ್ನೊಂದರ ಮೇಲೆ. ಬುಡದ ಲೈಬ್ರರಿ ಬದಲಾಗದೆ ಮೇಲಿನದು ಬದಲಾಗಲಾರದು. ಮೇಲಿನವರು ಹಳೆಯದರಲ್ಲೇ ಇರುವಾಗ ಬುಡದವರು ಅದನ್ನು ಬಿಟ್ಟುಕೊಟ್ಟರೆ ಬಳಕೆದಾರರನ್ನೇ ಕಳೆದುಕೊಳ್ಳುತ್ತಾರೆ. ಹೀಗೆ ಎಲ್ಲರೂ ಎಲ್ಲರಿಗಾಗಿ ಕಾದರು. ವಿಜ್ಞಾನಿಗಳ ಗಣನೆಗೆ ಆಧಾರವಾದ ನಂಪೈ ಪೈಥಾನ್ 3ಕ್ಕೆ ಬಂದದ್ದು 2010ರಲ್ಲಿ. ಜಾಂಗೋ ಪ್ರಾಯೋಗಿಕ ಬೆಂಬಲ ಕೊಟ್ಟದ್ದು 2013ರ ಫೆಬ್ರುವರಿಯ 1.5 ಆವೃತ್ತಿಯಲ್ಲಿ, 3.0 ಬಂದ ನಾಲ್ಕು ವರ್ಷಗಳ ಬಳಿಕ.

3.0 ತಾನೂ ಅರೆಬೆಂದಿತ್ತು. ಕಡತ ಓದಿ ಬರೆಯುವ ಭಾಗ ನಿಧಾನವಾಗಿತ್ತು. ಯೂನಿಕೋಡಿಗೆ ಒಗ್ಗದ ಹೆಸರಿನ ಕಡತಗಳು ಡೈರೆಕ್ಟರಿಯ ಪಟ್ಟಿ ಕೇಳಿದಾಗ ಸುಮ್ಮನೆ ಬಿಟ್ಟುಹೋಗುತ್ತಿದ್ದವು. ಪಠ್ಯವೆಲ್ಲ ಯೂನಿಕೋಡ್ ಎಂಬ ನಿಯಮಕ್ಕೆ ಕಡತದ ಹೆಸರನ್ನು ಬರೀ ಬೈಟ್‌ಗಳೆಂದೇ ಕಾಣುವ ಯುನಿಕ್ಸ್ ಲೋಕ ಪೂರ್ತಿ ತಲೆಬಾಗುವುದಿಲ್ಲ ಎಂಬುದು ಬೇಗ ಅರಿವಾಯಿತು. 2009ರ ಜೂನಿನ 3.1, ಕಡತದ ಭಾಗವನ್ನು ಸಿ ಭಾಷೆಯಲ್ಲಿ ಮತ್ತೆ ಬರೆದು ವೇಗ ತಂದಿತು. ಒಗ್ಗದ ಬೈಟ್‌ಗಳನ್ನೂ ಕಳೆಯದೆ ಪಠ್ಯದೊಳಗೆ ಹೊತ್ತೊಯ್ಯುವ ಉಪಾಯವೊಂದನ್ನು ಸೇರಿಸಿತು. ಲೈಬ್ರರಿಗಳು ಬಂದು ಸೇರಿಕೊಳ್ಳಲೆಂದು ಭಾಷೆಯ ವ್ಯಾಕರಣದಲ್ಲಿ ಕನಿಷ್ಠ ಎರಡು ವರ್ಷ ಯಾವ ಬದಲಾವಣೆಯೂ ಇಲ್ಲ ಎಂಬ ತಡೆಯನ್ನೂ ಬಳಗ ತನಗೆ ತಾನೇ ಹಾಕಿಕೊಂಡಿತು.

ಹಳೆಯ ಸಾಲಿನಲ್ಲಿ 2010ರ ಜುಲೈ 3ರಂದು ಬಂದ 2.7ನ್ನೇ ಕೊನೆಯದೆಂದು ಘೋಷಿಸಲಾಯಿತು. 2.8 ಬೇಕೆಂಬ ಬೇಡಿಕೆಗಳು ನಿಲ್ಲದಿದ್ದಾಗ 2011ರಲ್ಲಿ ಪೆಪ್ 404 ಬಂತು. ಸಿಗದ ವೆಬ್ ಪುಟಕ್ಕೆ ಕಂಪ್ಯೂಟರ್ ಕೊಡುವ ಸಂಖ್ಯೆಯನ್ನೇ ಹೊತ್ತ ಆ ಪ್ರಸ್ತಾವ, 2.8 ಎಂಬುದು ಎಂದೂ ಬರುವುದಿಲ್ಲ ಎಂದಷ್ಟೇ ಸಾರಿತು.

ಕೆಡವಿದ್ದನ್ನು ಮತ್ತೆ ಕಟ್ಟಿದ್ದು

ದಾರಿ ತೆರೆದದ್ದು ಅಧಿಕೃತ ಸಲಹೆಯನ್ನು ಮೀರಿದವರಿಂದ. ಹಳೆಯ ಕೋಡು ಒಂದು ಕಡೆ, ಪರಿವರ್ತಿಸಿದ ಕೋಡು ಇನ್ನೊಂದು ಕಡೆ ಇಟ್ಟುಕೊಂಡರೆ ಪ್ರತಿ ತಿದ್ದುಪಡಿಗೂ ಪರಿವರ್ತಕವನ್ನು ಓಡಿಸಬೇಕು. ದೋಷ ಕಂಡದ್ದು ಹೊಸದರಲ್ಲಾದರೆ ತಿದ್ದಬೇಕಾದದ್ದು ಹಳೆಯದರಲ್ಲಿ. ಬೇಸತ್ತ ಲೈಬ್ರರಿ ಲೇಖಕರು ಎರಡೂ ಪೈಥಾನ್‌ಗಳಲ್ಲಿ ಓಡುವ ಒಂದೇ ಕೋಡು ಬರೆಯತೊಡಗಿದರು. 2010ರಲ್ಲಿ ಬೆಂಜಮಿನ್ ಪೀಟರ್ಸನ್ ಅದಕ್ಕೆಂದು ‘ಸಿಕ್ಸ್’ ಎಂಬ ಪುಟ್ಟ ಲೈಬ್ರರಿ ಹೊರತಂದರು. ಎರಡು ಮೂರಲೆ ಆರು ಎಂಬ ಲೆಕ್ಕದಿಂದ ಬಂದ ಹೆಸರು ಅದು. ಎರಡು ಆವೃತ್ತಿಗಳಲ್ಲಿ ಬೇರೆ ಬೇರೆ ಹೆಸರು ಹೊತ್ತ ಸಲಕರಣೆಗಳನ್ನು ಅದು ಒಂದೇ ಹೆಸರಿನಲ್ಲಿ ಒದಗಿಸುತ್ತಿತ್ತು. ಅದೇ ಪೀಟರ್ಸನ್ 2.7ರ ಬಿಡುಗಡೆಗಳ ಹೊಣೆಯನ್ನೂ ಕೊನೆಯವರೆಗೆ ಹೊತ್ತಿದ್ದರು.

ಈ ದಾರಿಗೆ ಪೈಥಾನ್ 3 ತಾನೇ ಅಡ್ಡವಾಗಿತ್ತು. ಪೈಥಾನ್ 2ರಲ್ಲಿ ಯೂನಿಕೋಡ್ ಪಠ್ಯವನ್ನು ಗುರುತಿಸಲು ಉದ್ಧರಣ ಚಿಹ್ನೆಯ ಮುಂದೆ ‘ಯು’ ಎಂಬ ರೋಮನ್ ಅಕ್ಷರ ಹಾಕುತ್ತಿದ್ದರು. ಪೈಥಾನ್ 3ರಲ್ಲಿ ಎಲ್ಲ ಪಠ್ಯವೂ ಯೂನಿಕೋಡ್ ಆದ್ದರಿಂದ ಆ ಅಕ್ಷರ ಅನಗತ್ಯವೆಂದು 3.0 ಅದನ್ನು ತೆಗೆದುಹಾಕಿತ್ತು. ತರ್ಕ ಸರಿಯೇ. ಆದರೆ ಹಳೆಯ ಕಾಲದಲ್ಲೇ ಜಾಗರೂಕರಾಗಿ ಯೂನಿಕೋಡ್ ಬಳಸಿದವರ ಕೋಡಿನಲ್ಲಿ ಆ ಅಕ್ಷರ ಸಾವಿರಾರು ಕಡೆ ಇತ್ತು. ಸರಿಯಾದ ದಾರಿ ಹಿಡಿದವರಿಗೇ ಹೆಚ್ಚಿನ ದಂಡ ಬಿದ್ದಂತಾಗಿತ್ತು. ಫ್ಲಾಸ್ಕ್ ಎಂಬ ವೆಬ್ ಚೌಕಟ್ಟಿನ ಕರ್ತೃ ಆರ್ಮಿನ್ ರೋನಾಕರ್ ಅದನ್ನು ಮರಳಿ ತರಬೇಕೆಂದು ಪೆಪ್ 414 ಬರೆದರು. 2012ರ ಸೆಪ್ಟೆಂಬರಿನ 3.3ರಲ್ಲಿ ‘ಯು’ ಹಿಂತಿರುಗಿತು. ಪೈಥಾನ್ 3ರಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಹಳೆಯ ಕೋಡನ್ನು ಮುಟ್ಟದೆ ದಾಟಿಸುವುದೊಂದೇ ಅದರ ಪ್ರಯೋಜನ.

ಇನ್ನೂ ಕೆಲವು ಹೀಗೆಯೇ ಮರಳಿದವು. ಒಂದು ವಸ್ತುವನ್ನು ಫಂಕ್ಷನ್ನಿನಂತೆ ಕರೆಯಬಹುದೇ ಎಂದು ಕೇಳುವ ‘ಕಾಲಬಲ್’ 3.2ರಲ್ಲಿ ಬಂತು. ನೆಟ್‌ವರ್ಕ್ ಸಂದೇಶಗಳನ್ನು ಕಟ್ಟುವವರಿಗೆ ಬೇಕಾಗಿದ್ದ, ಶೇಕಡಾ ಚಿಹ್ನೆ ಬಳಸಿ ಬೈಟ್‌ಗಳ ಸಾಲಿನಲ್ಲಿ ಜಾಗ ತುಂಬುವ ಸೌಲಭ್ಯ ಪೆಪ್ 461ರ ಮೂಲಕ 2015ರ 3.5ರಲ್ಲಿ ಬಂತು. ಕೋಡಿನ ಇತಿಹಾಸವನ್ನು ದಾಖಲಿಸುವ ಮರ್ಕ್ಯೂರಿಯಲ್ ತಂತ್ರಾಂಶದಂಥವಕ್ಕೆ ಇದು ಜೀವಾಳವಾಗಿತ್ತು. ಕಡತಗಳ ಹೆಸರನ್ನೂ ಒಳಗಿರುವುದನ್ನೂ ಒಂದು ಬೈಟ್ ಕೂಡ ಕದಲದಂತೆ ಕಾಯುವುದೇ ಅದರ ಕಸುಬು. ಎಲ್ಲವೂ ಪಠ್ಯ ಎಂಬ ಹೊಸ ನಿಯಮ ಅದಕ್ಕೆ ಹೊಂದುತ್ತಲೇ ಇರಲಿಲ್ಲ. ಆ ತಂಡದವರು ತಮ್ಮ ಕೋಡನ್ನು ಪೈಥಾನ್ 3 ಓದಿಕೊಳ್ಳುವ ಗಳಿಗೆಯಲ್ಲೇ ಸ್ಟ್ರಿಂಗುಗಳನ್ನು ಬೈಟ್‌ಗಳಾಗಿ ಮಾರ್ಪಡಿಸುವ ಯಂತ್ರವನ್ನೇ ಒಳಗೆ ಕಟ್ಟಿಕೊಳ್ಳಬೇಕಾಯಿತು.

ಗಡುವು ಮುಂದಕ್ಕೆ ಹೋಯಿತು

2.7ರ ಬೆಂಬಲ 2015ರಲ್ಲಿ ನಿಲ್ಲಬೇಕಿತ್ತು. 2014ರ ಏಪ್ರಿಲಿನಲ್ಲಿ ಮಾಂಟ್ರಿಯಲ್ ನಗರದ ಪೈಕಾನ್ ಸಮ್ಮೇಳನದ ವೇಳೆಗೆ ಅದು ಆಗದ ಮಾತೆಂದು ಸ್ಪಷ್ಟವಾಗಿತ್ತು. ಗಡುವನ್ನು 2020ಕ್ಕೆ ಮುಂದೂಡಲಾಯಿತು. ಹೊಸ ಸೌಲಭ್ಯಗಳಿಲ್ಲ ಎಂಬ ನಿಯಮವನ್ನೂ ಒಮ್ಮೆ ಸಡಿಲಿಸಬೇಕಾಯಿತು. 2.7ರ ಸುರಕ್ಷಿತ ಸಂಪರ್ಕದ ಭಾಗ ಹಳತಾಗಿ, ಅದನ್ನು ಬಳಸುವ ಸರ್ವರುಗಳೆಲ್ಲ ದುರ್ಬಲವಾಗುವ ಅಪಾಯವಿತ್ತು. ಪೆಪ್ 466ರಂತೆ ಪೈಥಾನ್ 3ರ ಭದ್ರತಾ ಭಾಗವನ್ನು 2014ರ ಡಿಸೆಂಬರಿನ 2.7.9ಕ್ಕೆ ಇಳಿಸಲಾಯಿತು. ಕೈಬಿಡಬೇಕೆಂದಿದ್ದ ಮನೆಗೇ ಹೊಸ ಬೀಗ ಹಾಕಿಸಿದಂತಿತ್ತು ಅದು.

ಸೇತುವೆ ಗಟ್ಟಿಯಾದ ಮೇಲೆ ದೊಡ್ಡವರು ದಾಟಿದರು. ಇನ್‌ಸ್ಟಾಗ್ರಾಮ್ ತನ್ನ ಸೇವೆಯನ್ನು ನಿಲ್ಲಿಸದೆ, ಒಂದೇ ಕೋಡು ಎರಡರಲ್ಲೂ ಓಡುವಂತೆ ಮಾಡುತ್ತ ಬಂದು 2017ರ ಫೆಬ್ರುವರಿ ಹೊತ್ತಿಗೆ ಪೈಥಾನ್ 3ಕ್ಕೆ ಬಂತು. ವ್ಯಾನ್ ರಾಸಮ್ ಆಗ ಕೆಲಸ ಮಾಡುತ್ತಿದ್ದ ಡ್ರಾಪ್‌ಬಾಕ್ಸ್ ತನ್ನ ಡೆಸ್ಕ್‌ಟಾಪ್ ತಂತ್ರಾಂಶದ ವಲಸೆಯನ್ನು 2015ರಲ್ಲಿ ಶುರುಮಾಡಿ 2018ರಲ್ಲಿ ಮುಗಿಸಿತು. ಯೂಕ ಲೆಹ್ಟೊಸಾಲೊ ಆರಂಭಿಸಿದ ‘ಮೈಪೈ’ ಎಂಬ ಪರಿಶೀಲಕ ಅಲ್ಲಿ ನೆರವಾಯಿತು. ಪ್ರತಿ ಫಂಕ್ಷನ್ನು ಸ್ವೀಕರಿಸುವುದು ಪಠ್ಯವನ್ನೋ ಬೈಟ್‌ಗಳನ್ನೋ ಎಂದು ಕೋಡಿನಲ್ಲೇ ಬರೆದಿಟ್ಟರೆ, ತಪ್ಪು ಬೆರಕೆಯನ್ನು ಓಡಿಸುವ ಮುನ್ನವೇ ಅದು ಹಿಡಿಯುತ್ತಿತ್ತು. ಬರೆದವರ ಮನಸ್ಸಿನಲ್ಲಷ್ಟೇ ಇದ್ದುದು ಹೀಗೆ ಕಾಗದಕ್ಕೆ ಇಳಿಯಿತು.

ಲೈಬ್ರರಿಗಳೂ ಒಟ್ಟಾಗಿ ಹೆಜ್ಜೆಯಿಟ್ಟವು. ನಂಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಮೊದಲಾದ ವೈಜ್ಞಾನಿಕ ಯೋಜನೆಗಳು 2020ರ ಒಳಗೆ ಪೈಥಾನ್ 2ಕ್ಕೆ ಬೆಂಬಲ ನಿಲ್ಲಿಸುವುದಾಗಿ ಬಹಿರಂಗ ಹೇಳಿಕೆಗೆ ಸಹಿ ಹಾಕಿದವು. 2017ರ ಏಪ್ರಿಲಿನಲ್ಲಿ ಐಪೈಥಾನ್ 6.0, ಡಿಸೆಂಬರಿನಲ್ಲಿ ಜಾಂಗೋ 2.0, 2019ರ ಜುಲೈಯಲ್ಲಿ ನಂಪೈ 1.17 ಹಳೆಯದನ್ನು ಬಿಟ್ಟವು. ದಶಕದ ಆರಂಭದಲ್ಲಿ ಎಲ್ಲರನ್ನೂ ಹಳೆಯ ದಡದಲ್ಲಿ ಹಿಡಿದಿಟ್ಟಿದ್ದ ಸರಪಳಿಯೇ ಈಗ ಎಲ್ಲರನ್ನೂ ಹೊಸ ದಡಕ್ಕೆ ಎಳೆಯಿತು. ಇ-ಪುಸ್ತಕಗಳನ್ನು ನಿರ್ವಹಿಸುವ ಕ್ಯಾಲಿಬರ್ ತಂತ್ರಾಂಶದ ಕರ್ತೃ ಕೋವಿದ್ ಗೋಯಲ್ ಬೇಕಾದರೆ ಪೈಥಾನ್ 2ನ್ನು ತಾನೇ ನೋಡಿಕೊಳ್ಳಬಲ್ಲೆ ಎನ್ನುವಷ್ಟು ಬದಲಾವಣೆಗೆ ವಿರೋಧವಾಗಿದ್ದರು. ಅವರ ತಂತ್ರಾಂಶವೂ 2020ರ ಸೆಪ್ಟೆಂಬರಿನ 5.0 ಆವೃತ್ತಿಯಲ್ಲಿ ಪೈಥಾನ್ 3ಕ್ಕೆ ಬಂತು.

2020ರ ಜನವರಿ 1ರಂದು ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ಕೊನೆಗೊಂಡಿತು. ಆದರೆ ಕೋಡು ಆ ದಿನವೇ ಸಾಯಲಿಲ್ಲ. ರೆಡ್ ಹ್ಯಾಟ್ ತನ್ನ ಗ್ರಾಹಕರಿಗೆ 2024ರ ಜೂನ್‌ವರೆಗೂ 2.7ರ ಬೆಂಬಲ ನೀಡಿತು. ಆಪಲ್ ತನ್ನ ಮ್ಯಾಕ್‌ಒಎಸ್‌ನಿಂದ ಅದನ್ನು ತೆಗೆದದ್ದು 2022ರ 12.3 ಆವೃತ್ತಿಯಲ್ಲಿ. ಪೈಥಾನಿನ ಇನ್ನೊಂದು ರೂಪವಾದ ಪೈಪೈ ತನ್ನ ಒಳಗಿನ ಸಲಕರಣೆಗಳೇ ಪೈಥಾನ್ 2ರಲ್ಲಿರುವುದರಿಂದ ಅದನ್ನು ಉಳಿಸಿಕೊಂಡಿತು.

ಬೇರೆಯವರು ಹಿಡಿದ ದಾರಿ

ಪೈಥಾನಿನ ನಡೆಯನ್ನು ತೂಗಲು ಬೇರೆಯವರ ನಡೆಯೂ ಪಕ್ಕದಲ್ಲಿರಬೇಕು. ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಘೋಷಿಸಿದಾಗ ಸಣ್ಣ ಯಂತ್ರಕ್ಕೆ ಬರೆದ ಪ್ರೋಗ್ರಾಮು ಅದೇ ಕುಟುಂಬದ ದೊಡ್ಡ ಯಂತ್ರದಲ್ಲೂ ಓಡುತ್ತದೆ ಎಂದು ಮಾತು ಕೊಟ್ಟಿತು. ಅದರ ಮೇನ್‌ಫ್ರೇಮುಗಳು ತಲೆಮಾರುಗಳ ಕಾಲ ಆ ಮಾತನ್ನು ಉಳಿಸಿಕೊಂಡು ಬಂದಿವೆ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಲಿನಸ್ ಟೊರ್ವಾಲ್ಡ್ಸ್ ಅವರ ನಿಯಮ ಇನ್ನೂ ಕಟ್ಟುನಿಟ್ಟು: ಕರ್ನಲ್ ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಮು ಕೆಟ್ಟರೆ ತಪ್ಪು ಕರ್ನಲ್ಲಿನದೇ.

ವೆಬ್ ಲೋಕದಲ್ಲಿ ಹಳೆಯದನ್ನು ತೆಗೆಯುವ ಮಾತಿರಲಿ, ಹೊಸದಕ್ಕೆ ಹೆಸರಿಡುವುದೂ ಕಷ್ಟ. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸುವ ವಿಧಾನಕ್ಕೆ ಜಾವಾಸ್ಕ್ರಿಪ್ಟ್ ಸಮಿತಿ ‘ಫ್ಲಾಟನ್’ ಎಂದು ಹೆಸರಿಡಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಬಳಸುವ ತಾಣಗಳು ಕೆಡುವುದು 2018ರಲ್ಲಿ ಗೊತ್ತಾಯಿತು. ಎಲ್ಲೋ ಮರೆತುಹೋದ ಆ ತಾಣಗಳಿಗಾಗಿ ಹೆಸರನ್ನೇ ‘ಫ್ಲಾಟ್’ ಎಂದು ಬದಲಿಸಲಾಯಿತು.

ಉಳಿಸಿಕೊಳ್ಳುವುದಕ್ಕೂ ಬೆಲೆಯಿದೆ. ಸಿ ಭಾಷೆಯ ‘ಗೆಟ್ಸ್’ ಎಂಬ ಫಂಕ್ಷನ್ನಿಗೆ ಒಳಬರುವ ಸಾಲು ಎಷ್ಟು ಉದ್ದವಿರಬಹುದು ಎಂದು ಹೇಳುವ ದಾರಿಯೇ ಇಲ್ಲ. ಜಾಗ ಮೀರಿದರೆ ಪಕ್ಕದ ಸ್ಮೃತಿಯ ಮೇಲೆ ಬರೆದುಬಿಡುತ್ತದೆ. 1988ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಹರಡಿದ ಮಾರಿಸ್ ವರ್ಮ್ ಒಳನುಗ್ಗಿದ ಬಾಗಿಲುಗಳಲ್ಲಿ ಇದೂ ಒಂದು. ಆದರೂ ಅದು ಸಿ ಭಾಷೆಯ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ. ಇನ್ನೊಂದು ತುದಿಯಲ್ಲಿ ಪರ್ಲ್ ಇದೆ. 2000ದ ಜುಲೈಯಲ್ಲಿ ಘೋಷಣೆಯಾದ ಪರ್ಲ್ 6ರ ಮೊದಲ ಸ್ಥಿರ ಆವೃತ್ತಿ ಬಂದದ್ದು 2015ರ ಕ್ರಿಸ್‌ಮಸ್ ಹೊತ್ತಿಗೆ. ಹಳೆಯ ಪರ್ಲ್ ಅಷ್ಟರಲ್ಲಿ ತನ್ನ ಹಾದಿ ಹಿಡಿದಿತ್ತು. 2019ರಲ್ಲಿ ಹೊಸದು ರಾಕು ಎಂದು ಹೆಸರು ಬದಲಿಸಿಕೊಂಡು ಬೇರೆಯೇ ಭಾಷೆಯಾಯಿತು. ಪೈಥಾನಿಗೆ ಆ ಗತಿ ಬರಲಿಲ್ಲ. ಬದಲಾವಣೆಗಳನ್ನು ಮಿತಿಯಲ್ಲಿಟ್ಟದ್ದು ಒಂದು ಕಾರಣ. ಮುರಿದದ್ದನ್ನು ಮತ್ತೆ ಜೋಡಿಸಲು ಸಂಕೋಚಪಡದೇ ಇದ್ದದ್ದು ಇನ್ನೊಂದು.

ಕಲಿತ ಪಾಠ

ಆ ಮೇಲೆ ಪೈಥಾನ್ ಬಳಗ ಹಳೆಯದನ್ನು ಬಿಡುವ ಕ್ರಮವನ್ನೇ ಮಾರ್ಪಡಿಸಿಕೊಂಡಿತು. ಒಂದೇ ಏಟಿಗೆ ಎಲ್ಲವನ್ನೂ ಮುರಿಯುವ ಪೈಥಾನ್ 4ರ ಯೋಚನೆಯೇ ಇಲ್ಲವಾಯಿತು. 2009ರಲ್ಲೇ ಬರೆದಿಟ್ಟಿದ್ದ ಪೆಪ್ 387 ಎಂಬ ಹೊಂದಾಣಿಕೆಯ ನೀತಿಗೆ 2020ರಲ್ಲಿ ಒಪ್ಪಿಗೆ ದೊರೆಯಿತು. ಅದರ ಪ್ರಕಾರ ಯಾವುದನ್ನೇ ಆಗಲಿ ತೆಗೆಯುವ ಮುನ್ನ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಕೊಡಬೇಕು. ವರ್ಷಕ್ಕೊಂದು ಆವೃತ್ತಿ ಬರುವುದರಿಂದ ಅದು ಕನಿಷ್ಠ ಎರಡು ವರ್ಷದ ನೋಟಿಸು.

ನೋಟಿಸು ಯಾರ ಕಣ್ಣಿಗೆ ಬೀಳಬೇಕು ಎಂಬುದೂ ಪ್ರಶ್ನೆಯಾಗಿತ್ತು. 2.7 ಮತ್ತು 3.2ರಿಂದ ಡೆಪ್ರಿಕೇಶನ್ ಎಚ್ಚರಿಕೆಗಳನ್ನು ಮರೆಮಾಡಲಾಗಿತ್ತು. ತಂತ್ರಾಂಶ ಬಳಸುವ ಜನಸಾಮಾನ್ಯರಿಗೆ ಅವುಗಳಿಂದ ಕಿರಿಕಿರಿಯಾಗುತ್ತಿತ್ತು ಎಂಬುದು ಕಾರಣ. ಫಲವಾಗಿ ಕೋಡು ಬರೆಯುವವರಿಗೂ ಅವು ಕಾಣದಾದವು. 2018ರ 3.7ರಿಂದ, ನೇರವಾಗಿ ಓಡಿಸುವ ಮುಖ್ಯ ಕಡತದಲ್ಲಿ ಅವು ಮತ್ತೆ ಕಾಣಿಸಿಕೊಳ್ಳತೊಡಗಿದವು. ಗಡುವುಗಳೂ ಮೃದುವಾದವು. ಸಂಗ್ರಹ ಜಾತಿಗಳ ಕೆಲವು ಹಳೆಯ ಹೆಸರುಗಳು 2012ರಲ್ಲೇ ಬೇರೆಡೆಗೆ ಸಾಗಿದ್ದವು; 3.9ರಲ್ಲಿ ಹಳೆಯ ವಿಳಾಸವನ್ನು ಅಳಿಸಬೇಕಿತ್ತು. ಪೈಥಾನ್ 2ರ ಬೆಂಬಲವನ್ನು ಆಗತಾನೇ ಬಿಡುತ್ತಿದ್ದ ಲೈಬ್ರರಿಗಳಿಗಾಗಿ ಅದನ್ನು ಇನ್ನೊಂದು ವರ್ಷ ಉಳಿಸಿ, 2021ರ 3.10ರಲ್ಲಿ ಅಳಿಸಲಾಯಿತು.

2024ರ ಅಕ್ಟೋಬರ್ 7ರಂದು ಬಂದ ಪೈಥಾನ್ 3.13, ಬಳಕೆ ತಪ್ಪಿದ 19 ಮಾಡ್ಯೂಲುಗಳನ್ನು ಮುಂಚಿತ ಸೂಚನೆಯಂತೆ ತೆಗೆದುಹಾಕಿತು. ಅದೇ ಆವೃತ್ತಿಯಲ್ಲಿ ‘2 ಟು 3’ ಪರಿವರ್ತಕವೂ ಡೆಪ್ರಿಕೇಶನ್ ಮುಗಿಸಿಕೊಂಡು ನಿರ್ಗಮಿಸಿತು. ಎಲ್ಲರನ್ನೂ ಒಂದೇ ಜಿಗಿತಕ್ಕೆ ದಾಟಿಸಬೇಕಾಗಿದ್ದ ಯಂತ್ರ ಈಗ ಭಾಷೆಯ ಜೊತೆಗೆ ಬರುವುದಿಲ್ಲ. ಅನಗತ್ಯವೆಂದು 2008ರಲ್ಲಿ ತೆಗೆದು 2012ರಲ್ಲಿ ಮರಳಿ ತಂದ ‘ಯು’ ಅಕ್ಷರ 3.13ರಲ್ಲೂ ತನ್ನ ಜಾಗದಲ್ಲೇ ಇದೆ.